ಹೊಲಿಗೆ ಕೋಣೆಯ ಬಂದೂಕು

ಕಳೆದ ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ ಹನ್ನೊಂದೂ ಕಾಲು ಗಂಟೆಗೆ, ನಗರದ ಒಂದು ನಾಲ್ಕು ಮಹಡಿ ಕಟ್ಟಡದ ಎರಡನೆಯ ಮಹಡಿಯ ಎಡಗಡೆ ಮನೆಯಲ್ಲಿ ಒಂದು ಪರದೆಯನ್ನು ಎಳೆಯಲಾಯಿತು. ಗಡಿಗಳು ಸರಿದದ್ದನ್ನೂ ಸಿಂಹಾಸನಗಳು ಉರುಳಿದ್ದನ್ನೂ ಬರೆದಿಡುವ ಪಂಡಿತರು ಇದನ್ನು ಬರೆದಿಟ್ಟಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗುತ್ತಿದೆ. ಪರದೆ ದಪ್ಪ ಕಂದು ಬಟ್ಟೆಯದು. ಉದ್ದ ಏಳು ಅಡಿ, ಅಗಲ ಐದು. ಎಳೆದವರು ನಿವೃತ್ತ ಸ್ಟೋರ್‌ಕೀಪರು. ಕತ್ತಲಾದದ್ದು ಅವರ ಹೆಂಡತಿಗೆ.

ಹೆಂಡತಿ ಕಟ್ಟಡದವರಿಗೆಲ್ಲ ಟೈಲರಮ್ಮ. ಇಪ್ಪತ್ತೆರಡು ವರ್ಷದಿಂದ ಆ ಕೋಣೆಯಲ್ಲಿ, ಆ ಕಿಟಕಿಯ ಬೆಳಕಿನಲ್ಲಿ, ಊರಿನ ಮೈಗಳ ಅಳತೆಯನ್ನೆಲ್ಲ ತಲೆಯಲ್ಲಿಟ್ಟುಕೊಂಡು ಬಟ್ಟೆ ಕತ್ತರಿಸಿಕೊಂಡು ಬಂದವರು. ಈ ಸಲ ಅವರ ಕೈಯಲ್ಲಿದ್ದದ್ದು ನರ್ಸಿಂಗ್ ಶಾಲೆಯ ಎಂಬತ್ತು ಜೊತೆ ಸಮವಸ್ತ್ರ. ಮೈಗೆ ಬೂದು ಬಣ್ಣ. ಕಾಲರಿಗೂ ತೋಳಿನ ಪಟ್ಟಿಗೂ ಕೂದಲೆಳೆಯಷ್ಟು ನೀಲಿಯ ಕಡೆ ವಾಲಿದ ಇನ್ನೊಂದು ಬೂದು. ಈ ಎರಡು ಬೂದುಗಳ ವ್ಯತ್ಯಾಸ ಗೊತ್ತಾಗುವುದು ಹಗಲು ಬೆಳಕಿಗೆ ಮತ್ತು ಆ ಶಾಲೆಯ ಪ್ರಿನ್ಸಿಪಾಲರಿಗೆ ಮಾತ್ರ. ತಿಂಗಳ ಕೊನೆಗೆ ಒಪ್ಪಿಸಿದರೆ ಮುಂದಿನ ಮೂರು ವರ್ಷದ ಹೊಲಿಗೆ ಟೈಲರಮ್ಮನದು. ಇಲ್ಲವಾದರೆ ಬಸ್ ನಿಲ್ದಾಣದ ಹಿಂದಿನ ದೊಡ್ಡ ಗಾರ್ಮೆಂಟ್ಸಿನವರದು. ಅವರ ಮನುಷ್ಯ ಆಗಲೇ ಎರಡು ಸಲ ಶಾಲೆಯ ಗೇಟಿನ ಹತ್ತಿರ ಸುಳಿದಾಡಿ ಹೋಗಿದ್ದ.

ಇಂಥ ಹೊತ್ತಿನಲ್ಲಿ ಕಿಟಕಿ ಮುಚ್ಚಿದ್ದಕ್ಕೆ ಕಾರಣ ಒಂದು ಬಂದೂಕು.

ಬಂದೂಕು ಬಂದದ್ದು ಸ್ಟೋರ್‌ಕೀಪರರ ದೊಡ್ಡಪ್ಪನಿಂದ. ಜೋಡಿ ನಳಿಗೆಯದು. ದೊಡ್ಡಪ್ಪ ಅದನ್ನು ಐವತ್ತು ವರ್ಷ ಇಟ್ಟುಕೊಂಡು ಹೊಡೆದದ್ದು ಒಂದೇ ಒಂದು ಸಲ, ಬಲಿಯಾದದ್ದು ಅವರದೇ ತಾರಸಿಯ ನೀರಿನ ಟ್ಯಾಂಕು. ಉಯಿಲಿನಲ್ಲಿ ಮನೆ ಮಗಳಿಗೆ, ಕಾರು ಅಳಿಯನಿಗೆ ಬರೆದು, ಬಂದೂಕನ್ನು ಮಾತ್ರ "ಅತ್ಯಂತ ಜವಾಬ್ದಾರಿಯುತ ವ್ಯಕ್ತಿಯಾದ ನನ್ನ ತಮ್ಮನ ಮಗನಿಗೆ" ಎಂದು ಬರೆದಿದ್ದರು. ಬೇರೇನನ್ನೂ ಕೊಡುವ ಮನಸ್ಸಿಲ್ಲದಾಗ ಜನ ಇಂಥ ವಿಶೇಷಣಗಳನ್ನು ಧಾರಾಳವಾಗಿ ಕೊಡುತ್ತಾರೆ.

ಆದರೆ ವಿಶೇಷಣ ಸುಳ್ಳಲ್ಲ. ಸ್ಟೋರ್‌ಕೀಪರರು ನೀರು ಸರಬರಾಜು ಇಲಾಖೆಯ ಉಗ್ರಾಣವನ್ನು ಮೂವತ್ತಾರು ವರ್ಷ ಕಾದವರು. ಕೊಡುವುದು ಅವರ ಕೆಲಸವಾಗಿತ್ತು. ಕೊಡದಿರುವುದು ಅವರ ಪ್ರತಿಭೆಯಾಗಿತ್ತು. ಯಾರೇ ಬರಲಿ, ಏನೇ ಕೇಳಲಿ, ಮೊದಲ ಮಾತು, "ಚೀಟಿ ಎಲ್ಲಿ?" ಒಮ್ಮೆ ಉಗ್ರಾಣದ ಎದುರಿನ ಬೀದಿಯಲ್ಲೇ ದೊಡ್ಡ ಕೊಳವೆ ಒಡೆದಾಗ, ಒಂದು ವಾಲ್ವಿಗಾಗಿ ಓಡಿ ಬಂದ ಇಂಜಿನಿಯರನ್ನು ಚೀಟಿಯಲ್ಲಿ ಎರಡನೆಯ ಸಹಿ ಇಲ್ಲವೆಂದು ಅವರು ವಾಪಸು ಕಳಿಸಿದ್ದರು. ಬೀದಿ ಮೊಣಕಾಲವರೆಗೆ ಮುಳುಗಿತು. ದಾಸ್ತಾನು ಪುಸ್ತಕಕ್ಕೆ ಒಂದು ಹನಿ ಸೋಕಲಿಲ್ಲ.

ನಿವೃತ್ತರಾದ ದಿನ ಸೊಂಟದ ಕೀಲಿಗೊಂಚಲನ್ನು ಬಿಚ್ಚಿಕೊಟ್ಟು ಬಂದ ಮೇಲೆ ಮೂರು ವರ್ಷ ಅವರು ಒಂದು ಕಡೆಗೆ ವಾಲಿಕೊಂಡೇ ನಡೆದರು. ಯಾರೂ ಅವರನ್ನು ಏನನ್ನೂ ಕೇಳುತ್ತಿರಲಿಲ್ಲ. ಕೇಳದವರಿಗೆ ಇಲ್ಲ ಅನ್ನುವುದು ಹೇಗೆ? ಅಂಥವರಿಗೆ ಬಂದೂಕಿನ ಜೊತೆ, ನಗರಾಡಳಿತ ಹೊರಡಿಸಿದ ಇಪ್ಪತ್ತೆಂಟು ಪುಟದ ಪುಸ್ತಿಕೆಯೊಂದು ಸಿಕ್ಕಿತು: ನಗರವಾಸಿಗಳು ಬಂದೂಕು ಇಟ್ಟುಕೊಳ್ಳಲು ಪರವಾನಗಿ ಪಡೆಯುವ ಬಗೆ, ಪಡೆದ ಮೇಲೆ ಅದನ್ನು ಸುರಕ್ಷಿತವಾಗಿಡುವ ಬಗೆ. ಅವರು ಅದನ್ನು ಮೂರು ಸಲ ಓದಿದರು. ಮೊದಲ ಸಲ ಕೆಂಪು ಪೆನ್ಸಿಲ್ ಹಿಡಿದು, ಎರಡನೆಯ ಸಲ ನೀಲಿ, ಮೂರನೆಯ ಸಲ ಬರೀ ಸಂತೋಷಕ್ಕೆ.

ಪರವಾನಗಿ ಬೇಕಾದರೆ ಪರಿಶೀಲನೆಗೆ ಜನ ಬರುತ್ತಾರೆ, ಬರುವ ಮೊದಲು ಬಂದೂಕಿಗೆ ಉಕ್ಕಿನ ಬೀರು ಆಗಿರಬೇಕು. ಬೀರು ಮಾಡಿಕೊಟ್ಟದ್ದು ಟೈಲರಮ್ಮನ ತಮ್ಮ. ಅವನಿಗೆ ಗ್ರಿಲ್ ಅಂಗಡಿ, ಬಾಯಿಯೂ ಅವನ ಕಬ್ಬಿಣ ಕೊಯ್ಯುವ ಗ್ರೈಂಡರಿನ ಹಾಗೆ ಎಲ್ಲಿ ಮುಟ್ಟಿದರೂ ಕಿಡಿ.

ನಾಲ್ಕು ಜನ ಹೊತ್ತು ತಂದ ಬೀರನ್ನು ನಡುಮನೆಯಲ್ಲಿ ಇಳಿಸಿ ಅವನು ಬೆವರು ಒರೆಸಿಕೊಂಡ. "ಭಾವ, ಇದು ಬಂದೂಕು ಇಡೋಕಾ, ಆನೆ ಕಟ್ಟೋಕಾ?"

"ಮೂರು ಮಿಲಿಮೀಟರ್ ತಗಡು ಇರಬೇಕು ಅಂತ ಬರೆದಿದೆ. ನಾನು ನಾಲ್ಕು ಹಾಕಿಸಿದೀನಿ."

"ಒಂದು ಜಾಸ್ತಿ ಯಾಕೆ?"

"ನಿಯಮ ಬರೆಯೋನು ಯಾವಾಗಲೂ ಕಮ್ಮಿ ಬರೆದಿರ್ತಾನೆ," ಎಂದರು ಭಾವ. "ಈಗ ಕೇಳು. ಒಂಬತ್ತನೇ ನಿಯಮ. ಭಾರ ಹೊರೋ ಗೋಡೆಗೆ ನಾಲ್ಕು ಬೋಲ್ಟ್ ಹಾಕಿ ಬಿಗೀಬೇಕು."

ಅವನು ಬೆರಳ ಗೆಣ್ಣಿನಿಂದ ಗೋಡೆಗಳನ್ನು ಕುಟ್ಟುತ್ತ ಮನೆಯೆಲ್ಲ ಸುತ್ತಿ ಬಂದ. "ಈ ಮನೇಲಿ ಭಾರ ಹೊರೋದು ಎರಡೇ ಗೋಡೆ. ಒಂದು ಬಚ್ಚಲಲ್ಲಿ, ಇನ್ನೊಂದು ಅಕ್ಕನ ಕೋಣೇಲಿ."

"ಬಚ್ಚಲಲ್ಲಿ ಇಡಿ," ಎಂದರು ಟೈಲರಮ್ಮ, ಹೊಲಿಗೆಯಿಂದ ತಲೆ ಎತ್ತದೆ.

"ತೇವ ಇರತ್ತೆ. ಹತ್ತನೇ ನಿಯಮ."

"ಹಾಗಾದ್ರೆ ಲೆಕ್ಕ ಸರಿ ಮಾಡ್ಕೋ ತಮ್ಮಾ. ಈ ಮನೇಲಿ ಭಾರ ಹೊರೋದು ಎರಡಲ್ಲ, ಮೂರು. ಮೂರನೇದಕ್ಕೆ ಮಾತ್ರ ಬೋಲ್ಟ್ ಹೊಡೀಬೇಡ."

ಬೀರು ಕಿಟಕಿಯ ಪಕ್ಕದ ಗೋಡೆಗೆ ಹೋಯಿತು. ಅಲ್ಲಿದ್ದ ಕತ್ತರಿಸುವ ಮೇಜು ಬಾಗಿಲ ಹತ್ತಿರಕ್ಕೆ ಬಂತು, ಇದ್ದಲ್ಲಿಂದ ಆರು ಅಡಿ ದೂರಕ್ಕೆ. ಅಷ್ಟಾದರೂ ಟೈಲರಮ್ಮ ಹೇಗೋ ಸುಧಾರಿಸಿಕೊಳ್ಳುತ್ತಿದ್ದರು. ಆದರೆ ಹನ್ನೊಂದನೆಯ ನಿಯಮ ಇನ್ನೂ ಬಾಕಿ ಇತ್ತು: ಬೀರು ಹೊರಗಿನವರ ಕಣ್ಣಿಗೆ ಬೀಳಕೂಡದು.

"ಎದುರು ಮನೇಲಿ ಇರೋದು ಕಣ್ಣಿನ ಆಪರೇಶನ್ ಆದ ಅಜ್ಜ ರೀ."

"ಆಪರೇಶನ್ ಆಗಿದೆ ತಾನೆ? ಈಗ ಚೆನ್ನಾಗಿ ಕಾಣತ್ತೆ," ಎಂದು ಸ್ಟೋರ್‌ಕೀಪರರು ಪರದೆ ಎಳೆದರು. ಆಗ ಗಂಟೆ ಹನ್ನೊಂದೂ ಕಾಲು.

ಹೀಗೆ ಬಂದೂಕು ಮನೆ ತುಂಬಿತು. ಅದಕ್ಕೆ ಗುಂಡು ಇರಲಿಲ್ಲ. ಆದರೆ ಗುಂಡನ್ನು ಬಂದೂಕಿನಿಂದ ಬೇರೆಯಾಗಿ, ಬೇರೆ ಬೀಗ ಹಾಕಿ ಇಡಬೇಕೆಂದು ಹನ್ನೆರಡನೆಯ ನಿಯಮ ಹೇಳುತ್ತದಾದ್ದರಿಂದ ಒಂದು ಖಾಲಿ ಪೆಟ್ಟಿಗೆಗೆ ಬೀಗ ಜಡಿದು ಮಂಚದ ಕೆಳಗೆ ಇಡಲಾಯಿತು. ದಾಸ್ತಾನು ಪುಸ್ತಕವೊಂದು ತೆರೆಯಿತು. ಅದರಲ್ಲಿ ದಿನವೂ, ದುಂಡಗಿನ ಅಕ್ಷರಗಳಲ್ಲಿ: ಬಂದೂಕು, ಒಂದು. ಗುಂಡು, ಶೂನ್ಯ. ಎರಡೂ ಸರಿಯಿದೆ. ಸೊಂಟದಲ್ಲಿ ಮತ್ತೆ ಎರಡು ಕೀಲಿ ಬಂದವು, ನಡಿಗೆ ನೆಟ್ಟಗಾಯಿತು. ಕಟ್ಟಡದ ಸಂಘದ ಕಾರ್ಯದರ್ಶಿ, ಅದುವರೆಗೆ "ಏನ್ರೀ" ಎನ್ನುತ್ತಿದ್ದವನು, ಮೆಟ್ಟಿಲ ಮೇಲೆ ಸಿಕ್ಕಾಗ "ನಮಸ್ಕಾರ ಸರ್" ಎಂದು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟ. ಗುಂಡಿಲ್ಲದ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಹೇಳುವ ಅಗತ್ಯವೂ ಯಾರಿಗೂ ಕಾಣಲಿಲ್ಲ.

ದಿನಾ ಹತ್ತರಿಂದ ಹನ್ನೊಂದರವರೆಗೆ ಬೀರು ತೆರೆದು ಬಂದೂಕು ಒರೆಸಿ, ನಂಬರು ನೋಡಿ, ಮತ್ತೆ ಮುಚ್ಚುವ ಕಾರ್ಯಕ್ರಮ. ಆ ಹೊತ್ತಿನಲ್ಲಿ ಟೈಲರಮ್ಮ ಕೋಣೆಯಿಂದ ಹೊರಗೆ ಹೋಗಬೇಕು. ಹದಿನಾಲ್ಕನೆಯ ನಿಯಮ: ಬಂದೂಕು ಇರುವ ಕಪಾಟನ್ನು ಅನ್ಯರ ಸಮಕ್ಷಮ ತೆರೆಯತಕ್ಕದ್ದಲ್ಲ.

"ನಾನು ಅನ್ಯಳಾ?"

"ನಿಯಮದ ಪ್ರಕಾರ. ಮನಸ್ಸಿಗೆ ಹಚ್ಕೋಬೇಡ. ಅರ್ಜಿದಾರ ಅಲ್ಲದ ಎಲ್ಲರೂ ಅನ್ಯರು ಅಂತ ಪುಟ ಮೂರರಲ್ಲಿದೆ."

"ಮದುವೆಯಾಗಿ ಮೂವತ್ತೊಂದು ವರ್ಷ ಆದ್ಮೇಲೆ ಪುಟ ಮೂರರಲ್ಲಿ ಗೊತ್ತಾಯ್ತು ನೋಡಿ," ಎಂದು ಅವರು ಬಟ್ಟೆಯ ಥಾನು ಹೊತ್ತುಕೊಂಡು ಕಿಟಕಿಯಿಲ್ಲದ ನಡುಮನೆಗೆ ಬಂದು, ನೆಲಕ್ಕೆ ಚಾಪೆ ಹಾಕಿ, ಮೊಣಕಾಲೂರಿ ಕತ್ತರಿಸಿದರು. ಹನ್ನೊಂದರ ಮೇಲೆ ಕೋಣೆಗೆ ಹೋದರೆ ಅಲ್ಲಿ ಪರದೆ, ಹಳದಿ ಬಲ್ಬು. ಹಳದಿ ಬಲ್ಬಿನ ಕೆಳಗೆ ಎರಡು ಬೂದುಗಳೂ ಒಂದೇ ತಾಯಿ ಮಕ್ಕಳು.

ಎರಡನೆಯ ವಾರ ಮಾದರಿಗೆಂದು ಕಳಿಸಿದ ಹನ್ನೊಂದು ಅಂಗಿಗಳನ್ನು ಶಾಲೆಯವರು ತಿರುಗಿ ಕಳಿಸಿದರು. ಕಾಲರುಗಳೆಲ್ಲ ಮೈಯ ಬಟ್ಟೆಯಲ್ಲೇ ಕತ್ತರಿಸಿಹೋಗಿದ್ದವು. ಜೊತೆಗೊಂದು ಚೀಟಿ: ಉಳಿದವು ಹೀಗೇ ಬಂದರೆ ಬೇರೆ ಏರ್ಪಾಟು ಮಾಡಿಕೊಳ್ಳುತ್ತೇವೆ. ಟೈಲರಮ್ಮ ಆ ಚೀಟಿಯನ್ನು ಗಂಡನ ಊಟದ ತಟ್ಟೆಯ ಪಕ್ಕದಲ್ಲಿಟ್ಟರು.

ಅವರು ಓದಿದರು. "ಸಹಿ ಸರಿಯಾಗಿದೆ," ಎಂದರು.

"ತಿಂಗಳು ಮುಗಿಯೋಕೆ ಹನ್ನೆರಡು ದಿನ ಇದೆ. ಹಗಲು ಹೊತ್ತು ಪರದೆ ತೆಗೀರಿ, ಸಾಕು."

"ಪರಿಶೀಲನೆ ಮುಗಿದು ಪರವಾನಗಿ ಕೈಗೆ ಬರಲಿ."

"ಬಂದ್ಮೇಲೆ ತೆಗೀತೀರಾ?"

ಸ್ಟೋರ್‌ಕೀಪರರು ಸುಳ್ಳು ಹೇಳುವ ಜಾತಿಯವರಲ್ಲ. ಅದೇ ಅವರ ತೊಂದರೆ. "ಪರವಾನಗಿ ಬಂದ್ಮೇಲೆ ನಿಯಮ ಇನ್ನೂ ಬಿಗಿ ಆಗತ್ತೆ," ಎಂದರು. "ಐದು ವರ್ಷ. ಆಮೇಲೆ ನವೀಕರಣ."

ಟೈಲರಮ್ಮ ಚೀಟಿಯನ್ನು ಎತ್ತಿಕೊಂಡು, ನಾಲ್ಕಾಗಿ ಮಡಿಸಿ, ಒಳಗೆ ಹೋದರು.

ಮರುದಿನ ಮಧ್ಯಾಹ್ನ ಪರಿಶೀಲನಾಧಿಕಾರಿ ಬಂದರು. ನಲವತ್ತು ದಾಟಿದ ಹೆಂಗಸು. ಖಾಕಿ ಸಮವಸ್ತ್ರ, ಕಂಕುಳಲ್ಲಿ ರಟ್ಟಿನ ಫೈಲು, ಕಾಲಿಗೆ ಕಚ್ಚುವ ಹೊಸ ಶೂ. ಲಿಫ್ಟಿಲ್ಲದ ಕಟ್ಟಡಗಳನ್ನೇ ಹುಡುಕಿ ಹುಡುಕಿ ತಮ್ಮ ಪಾಲಿಗೆ ಹಾಕುತ್ತಾರೆಂಬ ನಂಬಿಕೆಯೊಂದು ಅವರ ಮುಖದಲ್ಲಿ ಸ್ಥಿರವಾಗಿತ್ತು. ಸಮವಸ್ತ್ರದ ಎಡತೋಳು ಹೆಗಲಿನಲ್ಲಿ ಎಳೆದು, ಕೈ ಎತ್ತಿದಾಗಲೆಲ್ಲ ಇಡೀ ಅಂಗಿಯೇ ಮೇಲಕ್ಕೆ ಬರುತ್ತಿತ್ತು.

"ಬನ್ನಿ ಮೇಡಂ, ಕೂತ್ಕೊಳಿ," ಎಂದ ಟೈಲರಮ್ಮನ ಕಣ್ಣು ಆ ತೋಳಿನ ಮೇಲೇ ನಿಂತಿತು. "ಈ ತೋಳು ಕೂಡಿಸಿದೋನು ಯಾರು?"

"ಇಲಾಖೆಯವರು ಕೊಟ್ಟಿದ್ದಮ್ಮ. ಎಲ್ಲರಿಗೂ ಒಂದೇ ಅಳತೆ."

"ಎರಡು ನಿಮಿಷ ನಿಲ್ಲಿ. ಪಿನ್ನು ಹಾಕಿ ಗುರುತು ಮಾಡಿಕೊಡ್ತೀನಿ, ಯಾರ ಹತ್ತಿರ ಬೇಕಾದ್ರೂ ಹೊಲಿಸ್ಕೊಳಿ."

ಬೀರಿನ ಮುಂದೆ, ಹಳದಿ ಬಲ್ಬಿನ ಕೆಳಗೆ, ಒಂದು ತೋಳನ್ನು ಟೈಲರಮ್ಮನಿಗೆ ಒಪ್ಪಿಸಿ ಇನ್ನೊಂದು ಕೈಯಲ್ಲಿ ಪೆನ್ನು ಹಿಡಿದು ಅಧಿಕಾರಿ ಪರಿಶೀಲನೆ ಶುರುಮಾಡಿದರು. ಟೈಲರಮ್ಮನ ತಮ್ಮ ಬೋಲ್ಟಿನ ವಿಚಾರ ಏನಾದರೂ ಕೇಳಿದರೆ ಇರಲಿ ಎಂದು ಬಾಗಿಲಲ್ಲಿ ನಿಂತಿದ್ದ.

"ಉಕ್ಕಿನ ಬೀರು?"

"ಇದೆ. ನಾಲ್ಕು ಮಿಲಿಮೀಟರ್," ಎಂದರು ಸ್ಟೋರ್‌ಕೀಪರರು.

"ಮೂರು ಸಾಕು. ಬೋಲ್ಟು?"

"ನಾಲ್ಕು. ಭಾರ ಹೊರೋ ಗೋಡೆ."

"ಕಿಟಕಿಗೆ ಪರದೆ ಇದೆ, ಸರಿ. ಗುಂಡಿನ ಪೆಟ್ಟಿಗೆ?"

"ಇದೆ. ಬೀಗ ಬೇರೆ. ಒಳಗೆ ಶೂನ್ಯ."

ಅಧಿಕಾರಿ ಒಂದೊಂದಕ್ಕೂ ಗುರುತು ಹಾಕುತ್ತ ಕೊನೆಯ ಸಾಲಿಗೆ ಬಂದರು. "ಬಂದೂಕು ಒಳಗಿದೆ ತಾನೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಪೆನ್ನು ಇಳಿಸಿದರು.

"ನಿಲ್ಲಿ ಮೇಡಂ," ಎಂದರು ಸ್ಟೋರ್‌ಕೀಪರರು. "ನೋಡದೆ ಹೇಗೆ ಟಿಕ್ ಹಾಕ್ತೀರಿ?"

"ಇರಲಿ ಸರ್. ನಿಮ್ಮನ್ನ ನೋಡಿದ್ರೇ ಗೊತ್ತಾಗತ್ತೆ. ನಂಬ್ತೀನಿ."

"ನಂಬಬಾರದು. ಮೂವತ್ತಾರು ವರ್ಷ ನಾನು ಯಾರನ್ನೂ ನಂಬಿಲ್ಲ. ಕಣ್ಣಿಗೆ ಕಾಣದ ಸಾಮಾನಿಗೆ ಟಿಕ್ ಹಾಕೋದು ಅಂದ್ರೆ ಸುಳ್ಳು ದಾಖಲೆ. ನನ್ನ ಮನೇಲಿ ಅದು ಆಗಬಾರದು."

ಅಧಿಕಾರಿ ಪೆನ್ನು ಎತ್ತಿಕೊಂಡರು. "ಸರಿ, ನೀವು ಹೇಳೋದೂ ನ್ಯಾಯ. ತೆಗೀರಿ, ನೋಡೇಬಿಡೋಣ."

"ತೆಗೆಯೋ ಹಾಗಿಲ್ಲ."

ಬಾಗಿಲಲ್ಲಿದ್ದ ತಮ್ಮ ಕೆಮ್ಮಿದ.

"ಹದಿನಾಲ್ಕನೇ ನಿಯಮ," ಎಂದು ಸ್ಟೋರ್‌ಕೀಪರರು ಪುಸ್ತಿಕೆ ಬಿಡಿಸಿದರು. ಅವರ ದನಿಯಲ್ಲಿ ಮೂರು ವರ್ಷದಿಂದ ಇಲ್ಲದಿದ್ದ ಒಂದು ಇಂಪು ಬಂದಿತ್ತು. "ಅನ್ಯರ ಸಮಕ್ಷಮ ತೆರೆಯತಕ್ಕದ್ದಲ್ಲ. ಅನ್ಯರು ಯಾರು ಅಂತ ಪುಟ ಮೂರು. ಅದರಲ್ಲಿ ಅಧಿಕಾರಿಗಳನ್ನ ಬಿಟ್ಟು ಅಂತ ಎಲ್ಲೂ ಬರೆದಿಲ್ಲ."

"ಸರ್, ನಾನು ಬಂದಿರೋದೇ ಅದನ್ನ ನೋಡೋಕೆ."

"ಹಾಗಂತ ಮೇಲಿನವರ ಆದೇಶ ಇದೆಯಾ? ಚೀಟಿ ಎಲ್ಲಿ?"

ಇದನ್ನು ಕೇಳಿ ಎಷ್ಟು ಕಾಲವಾಗಿತ್ತೋ. ಬೀರಿನ ಕಬ್ಬಿಣ ಕೂಡ ನೆಟ್ಟಗೆ ನಿಂತಂತೆ ಕಂಡಿತು.

ಅಧಿಕಾರಿ ಬಿಡುವಾಗಿದ್ದ ಕೈಯಿಂದ ಕಚೇರಿಗೆ ಫೋನು ಮಾಡಿದರು. ಅತ್ತ ಎತ್ತಿದ ಗುಮಾಸ್ತ ವಿಷಯವನ್ನು ಎರಡು ಸಲ ಹೇಳಿಸಿಕೊಂಡು, ಬೀರು ತೆಗೆದು ತೋರಿಸಿ ಅನ್ನುವ ಆದೇಶಕ್ಕೆ ನಮೂನೆಯೇ ಇಲ್ಲ, ಇದುವರೆಗೆ ಯಾರೂ ಕೇಳಿಲ್ಲ, ನಮೂನೆ ಮಾಡಿಸಬೇಕಾದರೆ ಸಮಿತಿ ಸೇರಬೇಕು ಎಂದ. ಫೋನಿನ ದನಿ ಕೋಣೆಯಲ್ಲಿದ್ದವರಿಗೆಲ್ಲ ಕೇಳಿಸಿತು. ಸ್ಟೋರ್‌ಕೀಪರರು ಮೆಚ್ಚುಗೆಯಿಂದ ತಲೆಯಾಡಿಸಿದರು.

"ನೋಡಿ ಸರ್," ಅಧಿಕಾರಿ ಫೋನು ಜೇಬಿಗಿಳಿಸಿದರು. "ಈ ವಾರ ಹತ್ತೊಂಬತ್ತು ಮನೆ ನೋಡಿದೀನಿ. ನಿಮ್ಮಂಥ ಬೀರು ಎಲ್ಲೂ ಇಲ್ಲ. ನಿನ್ನೆ ಒಬ್ಬರ ಬಂದೂಕು ಸೋಫಾದ ಕೆಳಗೆ, ಮಕ್ಕಳ ಚೆಂಡಿನ ಪಕ್ಕದಲ್ಲಿತ್ತು. ಅವರಿಗೆ ಪರವಾನಗಿ ಆಗಿದೆ."

"ಹೇಗೆ?"

"ಎಳೆದು ತೋರಿಸಿದ್ರು. ಒಂದು ಹಳೇ ಬೀರಿದೆ, ಅದರೊಳಗೆ ಇಡ್ತೀವಿ ಅಂತ ಬರೆದುಕೊಟ್ರು. ನೀವೂ ಒಂದೇ ಒಂದು ಸಲ ಬಾಗಿಲು ತೆಗೆದುಬಿಡಿ. ನಾನು ಇಲ್ಲೇ ಗುರುತು ಹಾಕಿ ಹೋಗ್ತೀನಿ. ಇಲ್ಲಾಂದ್ರೆ ಹಾಜರುಪಡಿಸಲಿಲ್ಲ ಅಂತ ಬರೀಬೇಕಾಗತ್ತೆ. ಬರೆದ್ರೆ ಬಂದೂಕು ಠಾಣೆಗೆ ಹೋಗತ್ತೆ."

ಸ್ಟೋರ್‌ಕೀಪರರ ಕೈ ಸೊಂಟದ ಕೀಲಿಯ ಮೇಲೆ ಹೋಯಿತು. ಎರಡೇ ಕೀಲಿ. ಅವು ಹೋದರೆ ಮತ್ತೆ ಖಾಲಿ ಸೊಂಟ, ಮತ್ತೆ ಕಾರ್ಯದರ್ಶಿಯ ಏನ್ರೀ. ಉಗ್ರಾಣದಲ್ಲಿ ಅವರು ಕಾದದ್ದೆಲ್ಲ ಸರ್ಕಾರದ ಸಾಮಾನು; ಕೊಡದಿದ್ದರೆ ನಷ್ಟ ಬೇರೆಯವರಿಗೆ ಆಗುತ್ತಿತ್ತು. ಇದೊಂದು ಮಾತ್ರ ಸ್ವಂತದ್ದು. ಬೆರಳು ಕೀಲಿಯನ್ನು ಉಂಗುರದಿಂದ ಅರ್ಧ ಬಿಡಿಸಿತು. ಅವರು ಹೆಂಡತಿಯ ಕಡೆ ನೋಡಿದರು, ಒಂದು ಮಾತು ಹೇಳು, ತೆಗೆದುಬಿಡುತ್ತೇನೆ ಅನ್ನುವ ಹಾಗೆ.

ಟೈಲರಮ್ಮನ ತುಟಿಗಳ ನಡುವೆ ಮೂರು ಪಿನ್ನುಗಳಿದ್ದವು. ಒಂದನ್ನು ತೆಗೆದು ತೋಳಿಗೆ ಚುಚ್ಚಿದರು. ಎರಡನೆಯದನ್ನೂ ಚುಚ್ಚಿದರು. ಮೂರನೆಯದನ್ನು ಬೆರಳಲ್ಲಿ ಹಿಡಿದುಕೊಂಡು, ಗಂಡನ ಮುಖ ನೋಡದೆ, ಹೊಲಿಗೆಯ ಅಂಚನ್ನೇ ನೋಡುತ್ತ ಹೇಳಿದರು.

"ಅಂಥಾ ಇಂಜಿನಿಯರ್‌ಗೇ ಬಗ್ಗಲಿಲ್ಲ ಇವರು ಮೇಡಂ. ಬೀದಿ ಮುಳುಗಿದ್ರೂ ಬಗ್ಗಲಿಲ್ಲ. ಈಗ ಒಂದು ಬಂದೂಕಿಗೆ ಬಗ್ತಾರಾ?"

ಕೀಲಿ ಮತ್ತೆ ಉಂಗುರದೊಳಗೆ ಹೋಯಿತು. ಸ್ಟೋರ್‌ಕೀಪರರ ಬೆನ್ನು ಮೂವತ್ತಾರು ವರ್ಷದಷ್ಟು ನೆಟ್ಟಗಾಯಿತು. "ಬರೀರಿ," ಎಂದರು.

ಅಧಿಕಾರಿ ಸ್ವಲ್ಪ ಹೊತ್ತು ಟೈಲರಮ್ಮನ ಮುಖವನ್ನೇ ನೋಡಿದರು. ಆಮೇಲೆ ಎಳೆದ ಪರದೆ, ಬಲ್ಬು, ಬಾಗಿಲ ಹತ್ತಿರ ತಿರುಗಿ ಬಂದು ರಾಶಿ ಬಿದ್ದಿದ್ದ ಹನ್ನೊಂದು ಅಂಗಿ. "ಆಯುಧ ಹಾಜರುಪಡಿಸಲಿಲ್ಲ" ಎಂದು ಬರೆದರು.

ಸ್ಟೋರ್‌ಕೀಪರರು ಕನ್ನಡಕ ಹಾಕಿಕೊಂಡು ಓದಿದರು. "ಹಾಜರುಪಡಿಸಲಿಲ್ಲ ಅಂದ್ರೆ ಸಾಲದು. ಹದಿನಾಲ್ಕನೇ ನಿಯಮದ ಪ್ರಕಾರ ಅಂತ ಸೇರಿಸಿ." ಅಧಿಕಾರಿ ಸೇರಿಸಿದರು. ಸ್ಟೋರ್‌ಕೀಪರರು ತಮ್ಮನ್ನು ತಾವೇ ತಿರಸ್ಕರಿಸಿಕೊಂಡ ಆ ಕಾಗದಕ್ಕೆ ಮೂರು ಪ್ರತಿಗಳಲ್ಲಿ ಸಹಿ ಹಾಕಿ, ಒಂದನ್ನು ಇಟ್ಟುಕೊಂಡರು. ಬಹಳ ದಿನದ ಮೇಲೆ ಅವರು ಮಧ್ಯಾಹ್ನ ಗೊರಕೆ ಹೊಡೆದು ನಿದ್ದೆ ಮಾಡಿದ್ದು ಆ ದಿನ.

ಅಧಿಕಾರಿಯನ್ನು ಕೆಳಗಿನವರೆಗೆ ಬಿಟ್ಟು ಬಂದ ತಮ್ಮ ಅಡುಗೆಮನೆಯಲ್ಲಿ ಅಕ್ಕನನ್ನು ಹಿಡಿದ. "ಅಕ್ಕಾ, ಭಾವ ತೆಗೀತಿದ್ರು. ಕೀಲಿ ಕೈಗೆ ಬಂದಿತ್ತು. ನೋಡಿದೆ ನಾನು."

"ಹೌದಾ?"

"ನೀನು ಅದೇ ಹೊತ್ತಿಗೆ ಇಂಜಿನಿಯರ್ ಕಥೆ ತೆಗೆದೆ."

"ಕಥೆ ಏನು ಬಂತು. ನಡೆದಿದ್ದು ಹೇಳಿದೆ," ಎಂದು ಅವರು ಕಾಫಿ ಲೋಟವನ್ನು ಅವನ ಮುಂದೆ ಕುಕ್ಕಿದರು. "ಹೊಗಳಿದ್ದು ತಪ್ಪಾ? ಕುಡಿ. ನಿನ್ನ ಗ್ರೈಂಡರ್ ಕೆಲಸ ಮಾಡತ್ತೆ ತಾನೆ?"

"ಮಾಡತ್ತೆ."

"ಆ ಬೋಲ್ಟು ಕತ್ತರಿಸೋಕೆ ಎಷ್ಟು ಹೊತ್ತು ಬೇಕು?"

ತಮ್ಮ ಕಾಫಿ ಕುಡಿದ. "ಒಂದಕ್ಕೆ ಹತ್ತು ನಿಮಿಷ. ಒಳ್ಳೇ ಬೋಲ್ಟು ಅದು, ನಾನೇ ಹಾಕಿದ್ದು."

ನೋಟೀಸು ಐದನೆಯ ದಿನ ಬಂತು: ಪರವಾನಗಿ ನಿರಾಕರಿಸಲಾಗಿದೆ, ಆಯುಧವನ್ನು ಕೂಡಲೇ ಠಾಣೆಗೆ ಒಪ್ಪಿಸುವುದು, ಮೇಲ್ಮನವಿಗೆ ಅವಕಾಶವಿದೆ. ಸ್ಟೋರ್‌ಕೀಪರರು ನೋಟೀಸಿನಲ್ಲಿ ಯಾವ ತಪ್ಪನ್ನೂ ಕಾಣದೆ ಸ್ವಲ್ಪ ನಿರಾಶರಾದರು. ಮರುದಿನ ಬೆಳಿಗ್ಗೆ ಬಂದೂಕನ್ನು ಹಳೆಯ ಹೊದಿಕೆಯಲ್ಲಿ ಸುತ್ತಿಕೊಂಡು ಆಟೋದಲ್ಲಿ ಹೋದರು.

ಠಾಣೆಯಲ್ಲಿ ಶಸ್ತ್ರಗಳ ಕೋಣೆ ನೋಡಿಕೊಳ್ಳುವ ಪೇದೆ ಬಂದೂಕನ್ನು ಇಸಿದುಕೊಂಡು, ನಂಬರೂ ನೋಡದೆ, ಮೂಲೆಯಲ್ಲಿದ್ದ ಇನ್ನೂ ಮೂವತ್ತು ನಲವತ್ತರ ಜೊತೆ ಒರಗಿಸಿ, ರಸೀದಿ ಹರಿದುಕೊಟ್ಟ. ಆ ಕೋಣೆಯ ಬಾಗಿಲಿಗೆ ಚಿಲಕ ಇತ್ತು, ಬೀಗ ಇರಲಿಲ್ಲ; ಬೀಗ ರಿಪೇರಿಗೆ ಹೋಗಿ ಆರು ತಿಂಗಳಾಗಿತ್ತಂತೆ. ಸ್ಟೋರ್‌ಕೀಪರರು ಪುಸ್ತಿಕೆಯನ್ನು ಹೊರತೆಗೆದು ಒಂಬತ್ತರಿಂದ ಹದಿನಾಲ್ಕರವರೆಗಿನ ನಿಯಮಗಳನ್ನು ಓದಿ ಹೇಳಿದರು.

ಪೇದೆ ಕೊನೆಯವರೆಗೂ ಕೇಳಿದ. "ಅದು ನಗರವಾಸಿಗಳಿಗೆ ಸಾರ್," ಎಂದ.

ನಂಬರು ಬರೆಸದೆ ತಾವು ಕದಲುವುದಿಲ್ಲವೆಂದು ಅವರು ಬೆಂಚಿನ ಮೇಲೆ ಕೂತರು. ಪೇದೆ ಊಟಕ್ಕೆ ಹೋದ, ಬಂದ, ಇನ್ನೆಲ್ಲಿಗೋ ಹೋದ. ಸಂಜೆ ನಾಲ್ಕರ ಹೊತ್ತಿಗೆ ನಂಬರು ಬರೆದುಕೊಟ್ಟ, ಎರಡು ಅಂಕಿ ತಪ್ಪಾಗಿ. ಅದನ್ನು ತಿದ್ದಿಸುವ ಹೊತ್ತಿಗೆ ಐದು.

ಅವರು ಮನೆಗೆ ಬಂದಾಗ ಕೋಣೆಯ ಗೋಡೆಯಲ್ಲಿ ನಾಲ್ಕು ತೂತುಗಳಿದ್ದವು, ನೆಲದ ಮೇಲೆ ಕಬ್ಬಿಣದ ಪುಡಿ, ಮತ್ತು ಇಡೀ ಕೋಣೆಯಲ್ಲಿ ಬಿಸಿಲು. ಕಂದು ಪರದೆ ಮಡಿಸಿ ಕುರ್ಚಿಯ ಮೇಲಿತ್ತು. ಟೈಲರಮ್ಮ ಎರಡು ಬೂದು ಬಟ್ಟೆಗಳನ್ನು ಕಿಟಕಿಗೆ ಹಿಡಿದು ನೋಡುತ್ತಿದ್ದರು.

"ಬೀರು ಎಲ್ಲಿ?"

"ತಮ್ಮ ಬಂದು ಅಂಗಡಿಗೆ ತಗೊಂಡು ಹೋದ."

"ಮೇಲ್ಮನವಿ ತೀರ್ಮಾನ ಆಗೋವರೆಗೆ ಇಟ್ಕೋಬೇಕಿತ್ತು."

"ಅಂಥ ನಿಯಮ ಇದೆಯಾ? ನಾನು ಹುಡುಕಿದೆ. ಇಪ್ಪತ್ತೆಂಟು ಪುಟಾನೂ."

ಸ್ಟೋರ್‌ಕೀಪರರು ಪುಸ್ತಿಕೆ ತೆರೆದು ಕಿಟಕಿಯ ಬೆಳಕಿನಲ್ಲಿ ನಿಂತು ಮೊದಲಿಂದ ಹುಡುಕಿದರು. ಇರಲಿಲ್ಲ.

"ಸ್ವಲ್ಪ ಸರೀರಿ, ಬೆಳಕಿಗೆ ಅಡ್ಡ ಆಗ್ತಿದೀರಿ," ಎಂದರು ಟೈಲರಮ್ಮ. ಅವರು ಸರಿದರು.

ಮೇಲ್ಮನವಿ ಒಂಬತ್ತು ಪುಟ ಆಯಿತು. ಅದರಲ್ಲಿ ಪರವಾನಗಿಯ ವಿಷಯ ಅರ್ಧ ಪುಟ, ಠಾಣೆಯ ಬೀಗದ ವಿಷಯ ಎಂಟೂವರೆ. ಉತ್ತರ ಬಂದಿಲ್ಲ. ಎಂಬತ್ತು ಜೊತೆ ಸಮವಸ್ತ್ರ ಎರಡು ದಿನ ತಡವಾಗಿ ಶಾಲೆಗೆ ಹೋದವು. ಶಾಲೆಯವರು ತೆಗೆದುಕೊಂಡರು, ಮುಂದಿನ ಮೂರು ವರ್ಷದ ಹೊಲಿಗೆಯನ್ನೂ ಟೈಲರಮ್ಮನಿಗೇ ಬಿಟ್ಟರು.